ಬಂಡೆಯ ಮೇಲಿನ ಸುಣ್ಣದ ಗೆರೆ

ರಾಮದೇವರ ಬೆಟ್ಟದ ಬುಡದಲ್ಲಿ ನಿಂತು ಕತ್ತೆತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಕ್ಕಿಯಲ್ಲ, ಸುಣ್ಣ. ಕಡಿದಾದ ಬಂಡೆಯ ನಡುಮಟ್ಟದಲ್ಲಿ ಒಂದು ಚಾಚು, ಅದರ ಅಂಚಿನಿಂದ ಕೆಳಕ್ಕೆ ಇಳಿದ ಐದಾರು ಬಿಳಿ ಗೆರೆಗಳು. ಯಾರೋ ಸುಣ್ಣದ ಬಕೆಟ್ಟನ್ನು ಮೇಲಿನಿಂದ ಚೆಲ್ಲಿದ ಹಾಗಿತ್ತು. ಜೊತೆಗೆ ಬಂದಿದ್ದ ಅರಣ್ಯ ಕಾವಲುಗಾರರು ಕೈ ತೋರಿಸಿದರು. "ಅದೇ ಸಾರ್ ರಣಹದ್ದಿನ ಜಾಗ. ಹಿಕ್ಕೆ ಬಿದ್ದು ಬಿದ್ದು ಬೆಳ್ಳಗಾಗಿರೋದು. ಹಕ್ಕಿ ಹೋದ್ರೂ ಗೆರೆ ಅಷ್ಟು ಬೇಗ ಹೋಗಲ್ಲ."

ದುರ್ಬೀನು ಹೊಂದಿಸಿಕೊಂಡು ನೋಡಿದೆ. ಚಾಚು ಖಾಲಿಯಿತ್ತು. ಒಂದಿಷ್ಟು ಒಣಕಡ್ಡಿ, ಬಿಸಿಲು ಏರುತ್ತಿದ್ದ ಕಲ್ಲು, ಅಷ್ಟೆ. ಪಕ್ಕದಲ್ಲಿ ನನ್ನ ತಂಗಿಯ ಮಗ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿದು, "ಕಾಯೋಣ ಮಾವ" ಅಂದ.

ಅವನು ಬೆಂಗಳೂರಿನಲ್ಲಿ ಎಐ ಮಾದರಿಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಾನೆ. ಯಂತ್ರಕ್ಕೆ ಪ್ರಶ್ನೆ ಕೇಳುವುದು, ಕೆಣಕುವುದು, ದಾರಿ ತಪ್ಪಿಸಲು ನೋಡುವುದು, ಎಲ್ಲಿ ಎಡವುತ್ತದೆ ಎಂದು ಬರೆದಿಡುವುದು. ನಾವಿಬ್ಬರೂ ಇಲ್ಲಿಗೆ ಬರಲು ಕಾರಣ ಅದಕ್ಕೂ ಒಂದು ವಾರ ಮೊದಲು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಡೆದ ಮಾತು. ಮುದ್ದೆ ಮುರಿಯುತ್ತಾ ಅವನು ಕೇಳಿದ್ದ: "ಗೊರಿಲ್ಲಾಗಳ ಉಳಿವು ಈಗ ಗೊರಿಲ್ಲಾಗಳ ಕೈಯಲ್ಲಿಲ್ಲ, ಮನುಷ್ಯರ ಕೈಯಲ್ಲಿದೆ. ತೋಳ್ಬಲದಲ್ಲಿ ನಾವು ಅವಕ್ಕೆ ಏನೇನೂ ಸಾಟಿಯಲ್ಲ, ಬುದ್ಧಿ ಹೆಚ್ಚು ಅಷ್ಟೆ. ನಮಗಿಂತ ಬುದ್ಧಿ ಹೆಚ್ಚಿರೋದೊಂದನ್ನ ನಾವೇ ಮಾಡಿ ನಿಲ್ಲಿಸಿದ್ರೆ, ಆಮೇಲೆ ನಮ್ಮ ಉಳಿವು ಯಾರ ಕೈಯಲ್ಲಿ?"

ಇದು ಅವನೊಬ್ಬನ ಚಿಂತೆಯಲ್ಲ. ಬರ್ಕ್ಲಿಯ ಕಂಪ್ಯೂಟರ್ ವಿಜ್ಞಾನಿ ಸ್ಟುವರ್ಟ್ ರಸೆಲ್ ಇದನ್ನು ಗೊರಿಲ್ಲಾ ಸಮಸ್ಯೆ ಎಂದೇ ಕರೆದು 2019ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಇಂದಿನ ಎಐಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ, 2024ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್ 2023ರಲ್ಲಿ ಗೂಗಲ್ ಬಿಟ್ಟು ಹೊರಬಂದದ್ದೂ ಈ ಬಗೆಯ ಅಪಾಯಗಳ ಬಗ್ಗೆ ಮುಕ್ತವಾಗಿ ಮಾತಾಡಲೆಂದು. ಅವರ ಮಾತಿನ ತೂಕ ನನಗೆ ಗೊತ್ತು. ಆದರೆ ಗೊರಿಲ್ಲಾ ನಾನು ಕಂಡ ಪ್ರಾಣಿಯಲ್ಲ. ಮನುಷ್ಯ ಯಾವ ದ್ವೇಷವೂ ಇಲ್ಲದೆ ಒಂದು ಜೀವಿಯನ್ನು ಹೇಗೆ ಅಳಿಸಿಹಾಕುತ್ತಾನೆ ಎಂಬುದನ್ನು ನೋಡಲು ಆಫ್ರಿಕಾದ ಕಾಡಿಗೆ ಹೋಗಬೇಕಾಗಿಲ್ಲ, ಮೆಜೆಸ್ಟಿಕ್‌ನಿಂದ ಐವತ್ತು ಕಿಲೋಮೀಟರ್ ಸಾಕು ಎಂದು ಅವನಿಗೆ ಹೇಳಿದೆ.

ಭಾನುವಾರ ಬೆಳಗಿನ ಮೈಸೂರು ಕಡೆಯ ರೈಲು ಹಿಡಿದೆವು. ಕೆಂಗೇರಿ ದಾಟುವವರೆಗೆ ಅಪಾರ್ಟ್‌ಮೆಂಟುಗಳ ಬೆನ್ನು, ಆಮೇಲೆ ಕಾರ್ಖಾನೆಯ ಶೆಡ್ಡುಗಳು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಘಮ ಡಬ್ಬಿಯೊಳಕ್ಕೇ ಬಂತು. ಅಲ್ಲಿಂದ ಮುಂದೆ ನೆಲದ ಬಣ್ಣ ಬದಲಾಗಿ ಬಂಡೆಗಳು ಏಳತೊಡಗುತ್ತವೆ, ಒಂದರ ಮೇಲೊಂದು ಇಟ್ಟ ಹಾಗೆ. ಭೂವಿಜ್ಞಾನಿಗಳು ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಇದ್ದ ಹೆಸರು ಅದು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹೊರಗಿನವರಿಗೆ ಇದು 1975ರ ಶೋಲೆಯ ಬಂಡೆ. ನಮ್ಮ ಪಕ್ಕದಲ್ಲಿ ಕೂತಿದ್ದ ಹುಡುಗರೂ ಗಬ್ಬರ್ ಕೂತ ಕಲ್ಲು ಯಾವುದು ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದರು. ರಣಹದ್ದಿಗಾಗಿ ಇಲ್ಲಿ ಇಳಿಯುವವರು ಕಡಿಮೆ. 2012ರಲ್ಲಿ ಸರ್ಕಾರ ಬೆಟ್ಟದ ಸುತ್ತಲಿನ 346 ಹೆಕ್ಟೇರನ್ನು ರಣಹದ್ದು ಧಾಮ ಎಂದು ಘೋಷಿಸಿದೆ.

ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ. ಮೆಟ್ಟಿಲು ಹತ್ತುವಾಗ ಮುಂದೆ ಹೋಗುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಈ ಬೆಟ್ಟದಲ್ಲಿ ಕಾಗೆ ಇರುವುದಿಲ್ಲ ಎಂದು ಹೇಳುತ್ತಿದ್ದರು. ಕಾಗೆಯ ರೂಪದಲ್ಲಿ ಬಂದ ಕಾಕಾಸುರ ಇಲ್ಲಿ ರಾಮನಿಗೆ ಸಿಕ್ಕಿಬಿದ್ದನಂತೆ, ಅಂದಿನಿಂದ ಕಾಗೆ ಇತ್ತ ಸುಳಿಯುವುದಿಲ್ಲವಂತೆ. ಮೊಮ್ಮಗಳು ಆಕಾಶ ನೋಡಿ ಹೌದೆಂದು ತಲೆಯಾಡಿಸಿದಳು. ಕಾಗೆ ಇಲ್ಲದಿರುವುದಕ್ಕೆ ಇಲ್ಲಿ ಒಂದು ಕಥೆ ಇದೆ, ತಪ್ಪು ಮಾಡಿದವನಿದ್ದಾನೆ, ಶಾಪವಿದೆ. ಜಟಾಯುವಿನ ಕುಲದ ಹಕ್ಕಿ ಇಲ್ಲದಿರುವುದಕ್ಕೆ ಅಂಥ ಯಾವ ಕಥೆಯೂ ಇಲ್ಲ. ಅದು ಯಾರಿಗೂ ತಪ್ಪು ಮಾಡಿರಲಿಲ್ಲ, ಅದನ್ನು ಯಾರೂ ಶಪಿಸಿರಲಿಲ್ಲ.

ನನ್ನ ಬಾಲ್ಯದಲ್ಲಿ ನಮ್ಮೂರ ಹೊರಗೆ, ಕೆರೆಕೋಡಿಯ ಆಚೆ, ಸತ್ತ ದನಗಳನ್ನು ಹಾಕುವ ಒಂದು ಬಯಲಿತ್ತು. ಬೆಳಿಗ್ಗೆ ಹಾಕಿದ ಎತ್ತು ಸಂಜೆಗೆ ಬರೀ ಮೂಳೆ. ನಡುವೆ ಏನಾಗುತ್ತಿತ್ತೆಂದು ನಾವು ಮಕ್ಕಳು ದೂರದ ಹೊಂಗೆ ಮರದ ಕೆಳಗೆ ಕೂತು ನೋಡುತ್ತಿದ್ದೆವು. ಮೊದಲು ಆಕಾಶದಲ್ಲಿ ಒಂದು ಚುಕ್ಕೆ. ಆ ಚುಕ್ಕೆ ಸುತ್ತುವುದನ್ನು ಕಂಡು ಇನ್ನೊಂದು, ಮತ್ತೊಂದು. ನೋಡನೋಡುತ್ತಲೇ ಬಯಲೆಲ್ಲ ಹದ್ದು. ರೆಕ್ಕೆ ಬಿಚ್ಚಿ ಓಡಿ ಬಂದು ಒಂದನ್ನೊಂದು ತಳ್ಳಿ, ಬೋಳು ಕತ್ತನ್ನು ಹೊಟ್ಟೆಯೊಳಕ್ಕೆ ತೂರಿಸಿ ಎಳೆಯುತ್ತಿದ್ದವು. ಅಸಹ್ಯ ಎನ್ನುತ್ತಿದ್ದೆವು, ಆದರೂ ಎದ್ದು ಹೋಗುತ್ತಿರಲಿಲ್ಲ. ಕೊಳೆತದ್ದನ್ನೂ ಅರಗಿಸಿಕೊಳ್ಳುವಷ್ಟು ಪ್ರಬಲ ಆಮ್ಲ ಅವುಗಳ ಜಠರದಲ್ಲಿದೆ, ನಮ್ಮನ್ನು ಕೊಲ್ಲುವ ಎಷ್ಟೋ ರೋಗಾಣುಗಳು ಅಲ್ಲಿ ಸತ್ತುಹೋಗುತ್ತವೆ ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಭಾರತದಲ್ಲಿ ಆಗ ರಣಹದ್ದುಗಳು ಕೋಟಿಗಟ್ಟಲೆ ಇದ್ದವು.

1996ರ ಮಳೆಗಾಲದಲ್ಲಿ ನಮ್ಮ ಮನೆಯ ಹಸುವಿಗೆ ಕೆಚ್ಚಲು ಬಾವು ಬಂತು. ಮೇವು ಮುಟ್ಟಲಿಲ್ಲ, ಕರುವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ, ರಾತ್ರಿಯಿಡೀ ನರಳಿತು. ಅಮ್ಮ ಕೊಟ್ಟಿಗೆಯಲ್ಲೇ ಕೂತಿದ್ದಳು. ಬೆಳಿಗ್ಗೆ ಬಂದವರು ಸೂಜಿ ಚುಚ್ಚಿ ಹೋದರು. ಮಧ್ಯಾಹ್ನದ ಹೊತ್ತಿಗೆ ಹಸು ಎದ್ದು ನಿಂತು ಅಮ್ಮನ ಕೈ ನೆಕ್ಕಿತು. ಆ ಔಷಧದ ಖಾಲಿ ಸೀಸೆಯನ್ನು ಅಮ್ಮ ತೊಳೆದು ಒಣಗಿಸಿ ಅದರಲ್ಲಿ ಸೂಜಿ, ಗುಂಡಿಗಳನ್ನು ಹಾಕಿಟ್ಟಳು. ಹೆಬ್ಬೆರಳ ಗಾತ್ರದ ಗಾಜಿನ ಸೀಸೆ, ಬೂದು ಬಣ್ಣದ ರಬ್ಬರು ಬಿರಡೆ, ಅರ್ಧ ಹರಿದ ಚೀಟಿ. ಆ ಚೀಟಿಯ ಮೇಲೆ ಡೈಕ್ಲೋಫೆನಾಕ್ ಎಂದಿತ್ತು. ಹತ್ತು ವರ್ಷದ ಮೇಲೆ ಪತ್ರಿಕೆಯೊಂದರಲ್ಲಿ ಆ ಹೆಸರನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅಮ್ಮನ ಕೈ ನೆಕ್ಕುತ್ತಿದ್ದ ಹಸು.

ಡೈಕ್ಲೋಫೆನಾಕ್ ಕೆಟ್ಟ ಔಷಧವಲ್ಲ. ಮಂಡಿನೋವಿಗೆ ನಾವೂ ನುಂಗುವ ಮಾತ್ರೆಯೇ ಅದು. 1990ರ ದಶಕದ ಆರಂಭದಲ್ಲಿ ಭಾರತದಲ್ಲಿ ದನಗಳಿಗೂ ಬಳಕೆಗೆ ಬಂತು. ಅಗ್ಗವಾಗಿತ್ತು, ಬೇಗ ಕೆಲಸ ಮಾಡುತ್ತಿತ್ತು, ದನಕ್ಕೆ ತೊಂದರೆ ಮಾಡುತ್ತಿರಲಿಲ್ಲ. ಸೂಜಿ ಚುಚ್ಚಿಸಿಕೊಂಡ ದನ ಬದುಕಿದರೆ ಕೆಲವೇ ದಿನಗಳಲ್ಲಿ ಮದ್ದು ಅದರ ಮೈಯಿಂದ ಹೊರಟುಹೋಗುತ್ತಿತ್ತು. ನಮ್ಮ ಹಸು ಬದುಕಿತು, ಇನ್ನೂ ಮೂರು ಕರು ಹಾಕಿತು. ಆದರೆ ಚುಚ್ಚಿಸಿಕೊಂಡ ಮರುದಿನವೋ ಅದರಾಚೆ ದಿನವೋ ಸತ್ತ ದನ ಬಯಲಿಗೆ ಬಿದ್ದರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿತ್ತು. ಹಕ್ಕಿಗಳು ನಮ್ಮ ಹಾಗೆ ಮೂತ್ರ ಮಾಡುವುದಿಲ್ಲ. ಬೇಡದ ಯೂರಿಕ್ ಆಮ್ಲವನ್ನು ಬಿಳಿ ಹಿಟ್ಟಿನಂತೆ ಹಿಕ್ಕೆಯೊಡನೆ ಹೊರಹಾಕುತ್ತವೆ. ರಾಮದೇವರ ಬೆಟ್ಟದ ಬಂಡೆಯ ಮೇಲೆ ನಾವು ಕಂಡ ಸುಣ್ಣ ಅದೇ. ಮೂತ್ರಪಿಂಡ ಸೋತಾಗ ಆ ಬಿಳಿ ಹೊರಗೆ ಬೀಳುವ ಬದಲು ಹಕ್ಕಿಯ ಒಳಗೇ ಕೂರುತ್ತದೆ. ಸತ್ತ ಹದ್ದನ್ನು ಕೊಯ್ದಾಗ ಅದರ ಯಕೃತ್ತಿನ ಮೇಲೆ, ಹೃದಯದ ಮೇಲೆ ಸೀಮೆಸುಣ್ಣ ಬಳಿದಂತೆ ಅದು ಕಾಣುತ್ತದೆ.

ಹದ್ದುಗಳ ಸಂಖ್ಯೆ ಇಳಿಯುತ್ತಿರುವುದನ್ನು ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಮೊದಲು ಎಣಿಸಿ ತೋರಿಸಿದವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್. 1980ರ ದಶಕದಲ್ಲಿ ಅವರು ಅಲ್ಲಿ ನೂರಾರು ಗೂಡುಗಳನ್ನು ಎಣಿಸಿದ್ದರು. ಹತ್ತು ವರ್ಷದ ನಂತರ ಮತ್ತೆ ಎಣಿಸಲು ಹೋದಾಗ ಕೊಂಬೆಗಳ ಮೇಲೆ ಕತ್ತು ಜೋತುಬಿದ್ದ ಹಕ್ಕಿಗಳು, ಮರದ ಕೆಳಗೆ ಹೆಣಗಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ವೈರಸ್ ಇರಬಹುದು ಎಂದರು, ಕೀಟನಾಶಕ ಎಂದರು. ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ, ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಅವರ ತಂಡಕ್ಕೆ. ಸೋಂಕು, ವಿಷ, ಲೋಹ ಎಲ್ಲವನ್ನೂ ಪರೀಕ್ಷಿಸಿ ಏನೂ ಸಿಗದಿದ್ದಾಗ ಅವರು ಔಷಧ ಅಂಗಡಿಗಳ ಕಡೆ ತಿರುಗಿದರು: ದನಕ್ಕೆ ಕೊಡುವ ಯಾವ ಮದ್ದು ಮೂತ್ರಪಿಂಡವನ್ನು ಕೆಡಿಸಬಲ್ಲದು? ಒಳಗೆ ಸುಣ್ಣ ಕಟ್ಟಿ ಸತ್ತಿದ್ದ 25 ಹದ್ದುಗಳನ್ನು ನೋಡಿದರು, 25ರಲ್ಲೂ ಡೈಕ್ಲೋಫೆನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹಕ್ಕಿಗಳು ಬಹುಪಾಲು ಹೋಗಿದ್ದವು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು ಕುಸಿಯಿತು. ಸಾವಿರ ಹಕ್ಕಿ ಇದ್ದ ಕಡೆ ಒಂದು.

ಇನ್ನೊಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಇಷ್ಟು ದೊಡ್ಡ ಸರ್ವನಾಶಕ್ಕೆ ಬಯಲಿಗೆ ಬಿದ್ದ ದನಗಳಲ್ಲಿ ನೂರಕ್ಕೆ ಒಂದರಲ್ಲಿ ಮದ್ದು ಇದ್ದರೂ ಸಾಕಾಗಿತ್ತು. ಇನ್ನೂ ಕಡಿಮೆಯಲ್ಲೂ ಆಗುತ್ತಿತ್ತು ಎಂದು ಲೆಕ್ಕ ಹಾಕಿದ್ದಾರೆ. ಒಂದು ಹೆಣಕ್ಕೆ ನೂರು ಹದ್ದು ಇಳಿಯುತ್ತಿದ್ದದ್ದೇ ಕಾರಣ. ಒಂದು ಚುಕ್ಕೆ ನೋಡಿ ಇನ್ನೊಂದು ಬರುತ್ತಿದ್ದ ಆ ಒಗ್ಗಟ್ಟೇ ಅವುಗಳಿಗೆ ಮುಳುವಾಯಿತು. ಅದರ ಮೇಲೆ, ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ಜೋಡಿಯಾಗಲು ಐದು ವರ್ಷ.

ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದಾಗ ಕಾವಲುಗಾರರು ಸದ್ದಿಲ್ಲದೆ ನನ್ನ ಭುಜ ಮುಟ್ಟಿದರು. ಬಂಡೆಯ ಹಿಂದಿನಿಂದ ಅದು ಬಂತು.

ರೆಕ್ಕೆ ಬಡಿಯಲಿಲ್ಲ. ಬಿಸಿಲಿಗೆ ಕಾದ ಕಲ್ಲಿನಿಂದ ಮೇಲೇಳುವ ಗಾಳಿಯ ಮೇಲೆ ಎರಡು ಮೀಟರಿಗೂ ಅಗಲದ ರೆಕ್ಕೆಯನ್ನು ಹಾಸಿಕೊಂಡು, ಬೆರಳಿನಂತೆ ಬಿಡಿಸಿದ ತುದಿಗರಿಗಳನ್ನು ಒಂದಿಷ್ಟು ಮಾತ್ರ ತಿರುವಿ, ನಮ್ಮ ತಲೆಯ ಮಟ್ಟದಲ್ಲೇ ಹಾದುಹೋಯಿತು. ಉದ್ದಕೊಕ್ಕಿನ ರಣಹದ್ದು. ಮಾಸಲು ಮರಳಿನ ಬಣ್ಣದ ಮೈ, ಕಪ್ಪು ಕತ್ತು, ಕತ್ತಿನ ಬುಡದಲ್ಲಿ ಬಿಳಿ ತುಪ್ಪುಳದ ಪಟ್ಟಿ. ತಲೆಯನ್ನು ಓರೆ ಮಾಡಿ ನಮ್ಮನ್ನೊಮ್ಮೆ ನೋಡಿತು. ಎರಡು ಸುತ್ತು ಹೊಡೆದು ಆ ಖಾಲಿ ಚಾಚಿನ ಮೇಲೆ ಕಾಲು ಮುಂದೆ ಮಾಡಿ ಇಳಿಯಿತು. ಇಲ್ಲಿ ಈಗ ಇರುವುದು ಬೆರಳೆಣಿಕೆಯ ಹಕ್ಕಿ. ಅವುಗಳಲ್ಲಿ ಒಂದನ್ನು ನಾವು ಕಂಡೆವು. ಕಾವಲುಗಾರರು ಕಿಸೆಯಿಂದ ಪುಟ್ಟ ಡೈರಿ ತೆಗೆದು ಹೊತ್ತು ಬರೆದುಕೊಂಡರು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ದೋಣಿಯ ಕಥೆ ಹೇಳಿದ. 2016ರಲ್ಲಿ ಓಪನ್‌ಎಐನವರು ದೋಣಿ ಪಂದ್ಯದ ಒಂದು ವಿಡಿಯೋ ಆಟವನ್ನು ಯಂತ್ರಕ್ಕೆ ಕಲಿಸಿದರು. ಪಂದ್ಯ ಗೆಲ್ಲು ಎಂದು ಹೇಳಲಿಲ್ಲ, ಅಂಕ ಹೆಚ್ಚಿಸಿಕೋ ಎಂದರು. ದಾರಿಯಲ್ಲಿನ ಗುರಿಗಳನ್ನು ಹೊಡೆದರೆ ಅಂಕ ಸಿಗುತ್ತಿತ್ತು. ಯಂತ್ರ ಒಂದು ಮೂಲೆಯಲ್ಲಿ, ಹೊಡೆದಷ್ಟೂ ಮತ್ತೆ ಹುಟ್ಟುವ ಮೂರು ಗುರಿಗಳನ್ನು ಕಂಡುಕೊಂಡು ಅಲ್ಲೇ ಗಿರಗಿರ ಸುತ್ತತೊಡಗಿತು. ಬೇರೆ ದೋಣಿಗಳಿಗೆ ಗುದ್ದಿತು, ಬೆಂಕಿ ಹತ್ತಿಸಿಕೊಂಡಿತು, ಪಂದ್ಯ ಮುಗಿಸಲೇ ಇಲ್ಲ. ಅಂಕ ಮಾತ್ರ ಮನುಷ್ಯ ಆಟಗಾರರಿಗಿಂತ ಹೆಚ್ಚು ಗಳಿಸಿತು. "ಅದಕ್ಕೆ ಪಂದ್ಯದ ಮೇಲೆ ಸಿಟ್ಟಿರಲಿಲ್ಲ ಮಾವ. ನಾವು ಕೇಳಿದ್ದರಲ್ಲಿ ಪಂದ್ಯ ಅನ್ನೋದೇ ಇರಲಿಲ್ಲ."

ಹದ್ದಿಗಾದದ್ದೂ ಇದೇ. ಆ ಔಷಧವನ್ನು ದನಕ್ಕೆ ತಂದವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: ದನದ ನೋವು ಇಳಿಯುತ್ತದೆಯೇ, ದನಕ್ಕೆ ಅಪಾಯವಿದೆಯೇ? ಎರಡಕ್ಕೂ ಸಿಕ್ಕ ಉತ್ತರ ಸರಿಯಾಗಿತ್ತು. ಹದ್ದು ಆ ಪ್ರಶ್ನೆಯೊಳಗೆ ಇರಲಿಲ್ಲ. ಅಮ್ಮ ಕೊಟ್ಟಿಗೆಯಲ್ಲಿ ಕೂತು ದೇವರನ್ನು ಬೇಡಿಕೊಂಡಾಗ ಅವಳ ಬೇಡಿಕೆಯಲ್ಲೂ ಹದ್ದು ಇರಲಿಲ್ಲ. ಇರಬೇಕಿತ್ತೆಂದು ಯಾರಿಗೆ ಹೊಳೆದೀತು? ಬುದ್ಧಿವಂತ ಯಂತ್ರಗಳ ಬಗ್ಗೆ ಮಾತಾಡುವಾಗ ಜನ ಸಿನಿಮಾದ ರಾಕ್ಷಸನನ್ನು, ಕೆಂಪು ಕಣ್ಣಿನ ರೋಬೋಟನ್ನು ಕಲ್ಪಿಸಿಕೊಂಡು, ಅಂಥದ್ದೇನೂ ಆಗುವುದಿಲ್ಲ ಬಿಡು ಎಂದು ನೆಮ್ಮದಿಯಾಗಿರುತ್ತಾರೆ. ನನ್ನ ಭಯ ಅದಲ್ಲ. ಒಳ್ಳೆಯ ಉದ್ದೇಶದ, ಒಳ್ಳೆಯ ಫಲಿತಾಂಶದ, ಅಗ್ಗವಾದ, ಎಲ್ಲರೂ ಬಯಸುವ ಒಂದು ಸಾಧನ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವಾಗಲೇ ಅದರ ಪ್ರಶ್ನೆಯೊಳಗೆ ಇಲ್ಲದವರು ಕೊಂಬೆಯ ಮೇಲೆ ಕತ್ತು ಜೋತುಬಿಡುವುದು ನನ್ನ ಭಯ. ನೂರರಲ್ಲಿ ಒಂದು ತಪ್ಪು ಚಿಕ್ಕದು ಎನ್ನುವವರಿಗೂ ಹದ್ದಿನ ಲೆಕ್ಕ ತೋರಿಸಬೇಕು. ಕೋಟಿ ಜನ ಒಂದೇ ಯಂತ್ರದ ಬಳಿ ಉತ್ತರ ಕೇಳುವ ಕಾಲದಲ್ಲಿ ಎಲ್ಲರೂ ಒಂದೇ ಹೆಣಕ್ಕೆ ಇಳಿದಿದ್ದೇವೆ.

ಹದ್ದು ಹೋದ ಮೇಲೆ ಆದದ್ದನ್ನೂ ಹೇಳಬೇಕು. ಬಯಲಿನಲ್ಲಿ ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ರೋಗ ಹೆಚ್ಚಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2000ದಿಂದ 2005ರ ಅವಧಿಯಲ್ಲಿ ಹದ್ದಿಲ್ಲದ ಕಾರಣಕ್ಕೆ ಭಾರತದಲ್ಲಿ ಸತ್ತ ಮನುಷ್ಯರು ಸುಮಾರು 5 ಲಕ್ಷ. ಮುಂಬೈಯ ಪಾರ್ಸಿಗಳು ತಮ್ಮ ಸತ್ತವರನ್ನು ಹಕ್ಕಿಗೆ ಒಪ್ಪಿಸುವ ಶತಮಾನಗಳ ಪದ್ಧತಿ ನಡೆಯದೆ, ಹೆಣ ಇಡುವ ದೋಖ್ಮಾದ ಮೇಲೆ ಬಿಸಿಲು ಕೇಂದ್ರೀಕರಿಸುವ ಫಲಕಗಳನ್ನು ಹಾಕಿಕೊಳ್ಳಬೇಕಾಯಿತು. ನಮಗೆ ಹದ್ದು ಬೇಕಿತ್ತು, ಬೇಕಿದ್ದದ್ದು ನಮಗೇ ಗೊತ್ತಿರಲಿಲ್ಲ. ಹೋಲಿಕೆ ಇಲ್ಲಿ ಇನ್ನೂ ಕಠಿಣವಾಗುತ್ತದೆ. ಮುಂದೊಂದು ದಿನದ ಯಂತ್ರಕ್ಕೆ ನಾವು ಇಷ್ಟೂ ಬೇಕಾಗಲಿಕ್ಕಿಲ್ಲ.

"ಬೇಕಾಗ್ತೀವಿ ಅನ್ನೋರೂ ಇದ್ದಾರೆ" ಎಂದ ಹುಡುಗ ಇಳಿಯುವಾಗ. "ನಾವು ಉಪಯೋಗಕ್ಕೆ ಬರ್ತಾ ಇರೋವರೆಗೆ ಅದು ನಮ್ಮನ್ನ ಚೆನ್ನಾಗಿ ನೋಡಿಕೊಳ್ಳುತ್ತೆ ಅಂತಾರೆ."

ಉಪಯೋಗಕ್ಕೆ ಬಂದ ಜೀವಿಯನ್ನು ನೋಡಲು ರಾಮನಗರಕ್ಕಿಂತ ಒಳ್ಳೆಯ ಊರಿಲ್ಲ. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹಳದಿ ಗೂಡು, ಬಿಳಿ ಗೂಡು, ಜಾಲರಿಗಳಲ್ಲಿ ರಾಶಿ ರಾಶಿ. ನಾನು ಹುಡುಗನನ್ನು ಮಾರುಕಟ್ಟೆಗಿಂತ ಮೊದಲು ಪರಿಚಯದ ಒಬ್ಬ ರೈತರ ಹುಳದ ಮನೆಗೆ ಕರೆದೊಯ್ದೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು, ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಕಾಲು ತೊಳೆಸಿದರು. ಅತ್ತರು ಗಿತ್ತರು ಹಾಕಿಕೊಂಡಿದ್ದೀರಾ ಎಂದು ಮನೆಯೊಡತಿ ಮೂಸಿ ನೋಡಿ ಒಳಗೆ ಬಿಟ್ಟರು. ಹೆಚ್ಚು ಸೆಕೆಯಾಗಬಾರದು, ಥಂಡಿಯಾಗಬಾರದು, ಇರುವೆ ಹತ್ತಬಾರದು, ಊಜಿ ನೊಣ ಸುಳಿಯಬಾರದು. ಹುಳು ಪೊರೆ ಬಿಡುವ ನಾಲ್ಕು ಹಂತಕ್ಕೆ ಅವರು ಜ್ವರ ಎನ್ನುತ್ತಾರೆ. ಎರಡನೇ ಜ್ವರ ಎದ್ದಿದೆ, ನಾಲ್ಕನೇ ಜ್ವರಕ್ಕೆ ಕೂತಿದೆ ಎಂದು, ಮನೆಯ ಮಗುವಿನ ಬಗ್ಗೆ ಹೇಳಿದ ಹಾಗೆ. ಕೊನೆಯ ವಾರ ರಾತ್ರಿಯೂ ಎದ್ದು ಸೊಪ್ಪು ಹಾಕುತ್ತಾರೆ.

ಆಕೆ ಒಂದು ಹಣ್ಣುಹುಳುವನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬೆಳಕು ಅದರ ಮೈಯನ್ನು ಹಾದು ಬಂತು, ಜೇನಿನ ಬಣ್ಣ. "ಹೊಟ್ಟೆ ಸೊಪ್ಪೆಲ್ಲ ಖಾಲಿ, ಈಗ ಬರೀ ರೇಷ್ಮೆ" ಎಂದು, ಹುಳು ಗೂಡು ಕಟ್ಟುವ ಚಂದ್ರಿಕೆಯ ಮೇಲೆ ಬಿಟ್ಟರು. ಅದು ತಲೆಯೆತ್ತಿ ಎಂಟರ ಆಕಾರದಲ್ಲಿ ಅತ್ತಿತ್ತ ಆಡಿಸುತ್ತಾ ಎಳೆ ಬಿಡತೊಡಗಿತು. ಒಂದೇ ಎಳೆ, ಒಂದು ಕಿಲೋಮೀಟರಿನ ಹತ್ತಿರಕ್ಕೆ ಹೋಗುವಷ್ಟು ಉದ್ದ.

ಕಿಟಕಿಯ ಕಟ್ಟೆಯ ಮೇಲೆ ಹೇಗೋ ಉಳಿದುಹೋದ ಒಂದು ಗೂಡು ತೂತಾಗಿ ಚಿಟ್ಟೆ ಹೊರಬಂದಿತ್ತು. ಬೆಳ್ಳನೆಯ ಮೈ, ಗರಿಯಂಥ ಮೀಸೆ, ರೆಕ್ಕೆ. ಹುಡುಗ ಅಂಗೈ ಚಾಚಿದ. ಅದು ಹತ್ತಿ ಕೂತು ರೆಕ್ಕೆಯನ್ನು ಪಟಪಟ ಅದುರಿಸಿತು, ಹಾರಲಿಲ್ಲ. ಹಾರಲಾರದು. ಚೀನಾದಲ್ಲಿ ಮನುಷ್ಯ ಅದನ್ನು ಸಾಕತೊಡಗಿ ಸುಮಾರು 5000 ವರ್ಷವಾಗಿದೆ. ಅಷ್ಟು ದೀರ್ಘಕಾಲ ನಾವು ನೂಲಿಗಾಗಿ ಆರಿಸಿ ಆರಿಸಿ ಉಳಿಸಿಕೊಂಡೆವು, ಹಾರಾಟವನ್ನು ಯಾರೂ ಆರಿಸಲಿಲ್ಲ. ಚಿಟ್ಟೆಯಾದ ಮೇಲೆ ಅದು ತಿನ್ನುವುದೂ ಇಲ್ಲ. ನಮ್ಮ ಕೈಯಿಲ್ಲದೆ ಕಾಡಿನಲ್ಲಿ ಅದು ಬದುಕುವುದಿಲ್ಲ. ಸಂಖ್ಯೆಯ ಲೆಕ್ಕದಲ್ಲಿ ಇದರಷ್ಟು ಗೆದ್ದ ಕೀಟ ಅಪರೂಪ. ಆದರೆ ಬಹುಪಾಲು ಹುಳುಗಳಿಗೆ ಚಿಟ್ಟೆಯಾಗುವ ದಿನ ಬರುವುದೇ ಇಲ್ಲ. ಗೂಡು ತೂತಾದರೆ ಎಳೆ ಕಡಿಯುತ್ತದೆ, ಅದಕ್ಕೇ ಒಳಗಿನ ಕೋಶ ಬಿಸಿಗೆ ಸಾಯಬೇಕು. ಬೀದಿಯ ತುದಿಯ ನೂಲು ಬಿಚ್ಚಾಣಿಕೆ ಮನೆಯಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು.

ಆ ಮನೆಯೊಡತಿಯನ್ನು ಕ್ರೂರಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆ ಹುಳುವಿನಿಂದ ಅವರ ಮಗಳು ಓದುತ್ತಿದ್ದಾಳೆ. ನನ್ನ ಮದುವೆಯಲ್ಲಿ ಅಮ್ಮ ಉಟ್ಟಿದ್ದೂ ರೇಷ್ಮೆಯೇ. ರಾತ್ರಿ ಎದ್ದು ಸೊಪ್ಪು ಹಾಕುವ ಆ ಆರೈಕೆಯಲ್ಲಿ ನಟನೆಯೇನೂ ಇಲ್ಲ. ಆದರೆ ಬಲಿಷ್ಠ ಬುದ್ಧಿಯೊಂದು ತನಗೆ ಬೇಕಾದ ಜೀವಿಯನ್ನು ಚೆನ್ನಾಗಿ ನೋಡಿಕೊಳ್ಳುವುದೆಂದರೆ ಏನು ಎಂಬುದಕ್ಕೆ ಉತ್ತರ ಆ ಅಂಗೈಯ ಮೇಲೆ ಇತ್ತು. ನಮ್ಮನ್ನು ಯಂತ್ರ ಚೆನ್ನಾಗಿ ನೋಡಿಕೊಳ್ಳುತ್ತದೆ ಎಂಬ ಭರವಸೆ ನನಗೆ ಸಾಲದು. ಹೊರಬಂದ ಮೇಲೆ ಹಾರಲು ಬರಬೇಕು.

ಹೋಲಿಕೆ ಎಲ್ಲ ಕಡೆ ಹೊಂದುವುದಿಲ್ಲ. ಹದ್ದು ಮನುಷ್ಯನನ್ನು ಮಾಡಲಿಲ್ಲ, ಹುಳು ರೈತನನ್ನು ಮಾಡಲಿಲ್ಲ. ಅವಕ್ಕೆ ನಮ್ಮ ಜೊತೆ ಕೂತು ಷರತ್ತು ಹಾಕುವ ಒಂದು ಗಳಿಗೆಯೂ ಸಿಗಲಿಲ್ಲ. ಈ ಯಂತ್ರವನ್ನು ಮಾಡುತ್ತಿರುವವರು ನಾವು. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಯಾವಾಗ ಹೊರಬಿಡಬೇಕು ಎಂಬುದು ಇವತ್ತು ನಮ್ಮ ಕೈಯಲ್ಲಿದೆ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿಯಲ್ಲಿ ಭಾರತ, ಚೀನಾ, ಅಮೆರಿಕ ಸೇರಿ 28 ದೇಶಗಳು ಇದರ ಅಪಾಯಗಳನ್ನು ಒಪ್ಪಿ ಸಹಿ ಹಾಕಿವೆ. ಸಹಿ ಹಾಕಿದ್ದು ಸಾಲದು, ಆದರೆ ಹದ್ದಿನ ವಿಷಯದಲ್ಲಿ ಅಷ್ಟೂ ಆಗಿರಲಿಲ್ಲ.

ಹದ್ದಿನ ಕಥೆಯಲ್ಲಿ ನಾನು ಹಿಡಿದುಕೊಂಡಿರುವ ಇನ್ನೊಂದು ಸಂಗತಿಯಿದೆ. ಕೊಂದದ್ದೂ ನಾವೇ, ಹಿಂದಿರುಗಿ ನೋಡಿದ್ದೂ ನಾವೇ. ಗೂಡು ಎಣಿಸಿದವರಿದ್ದರು, ನಾರುವ ಹೆಣ ಕೊಯ್ದು ನೋಡಿದವರಿದ್ದರು. ಮೆಲಾಕ್ಸಿಕ್ಯಾಮ್ ಎಂಬ ಬೇರೆ ನೋವುನಿವಾರಕವನ್ನು ಹದ್ದಿಗೇ ಕೊಟ್ಟು ಪರೀಕ್ಷಿಸಿ, ಅಪಾಯವಿಲ್ಲವೆಂದು ಕಂಡುಕೊಂಡರು. ಈ ಬಾರಿ ಪ್ರಶ್ನೆಯೊಳಗೆ ಹದ್ದು ಇತ್ತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ದನಗಳ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಿದವು. ಮನುಷ್ಯರ ದೊಡ್ಡ ಸೀಸೆಗಳನ್ನೇ ದನಕ್ಕೆ ಚುಚ್ಚತೊಡಗಿದಾಗ 2015ರಲ್ಲಿ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ದನಗಳಿಗೆ ಕೊಡುವ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎರಡನ್ನೂ ಭಾರತ ನಿಷೇಧಿಸಿತು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ಕುಸಿತದ ವೇಗ ತಗ್ಗಿದೆ. ನಮ್ಮ ಬಂಡೀಪುರ, ನಾಗರಹೊಳೆ, ಅತ್ತ ಮುದುಮಲೆಯ ಕಾಡಿನಲ್ಲಿ ಬಿಳಿಬೆನ್ನಿನವು ಇನ್ನೂ ಉಳಿದಿವೆ. ಆದರೆ ಹಿಂದಿರುಗಿ ನೋಡಲು ನಾವು ತೆಗೆದುಕೊಂಡ ಸಮಯದಲ್ಲಿ ಸಾವಿರದಲ್ಲಿ 999 ಹೋಗಿದ್ದವು. ನಮ್ಮನ್ನು ಮೀರಿದ ಒಂದು ಬುದ್ಧಿ ಹಾಗೆ ಹಿಂದಿರುಗಿ ನೋಡೀತೇ ಎಂದು ಹುಡುಗನನ್ನು ಕೇಳಿದೆ. ಆ ಗುಣವನ್ನು ಯಂತ್ರದೊಳಗೆ ಇರಿಸಲು ನೋಡುತ್ತಿದ್ದಾರೆ, ಇದೆಯೋ ಇಲ್ಲವೋ ಎಂದು ಅಳೆಯುವುದೇ ಕಷ್ಟದ ಕೆಲಸ ಎಂದ.

ಸಂಜೆಯ ರೈಲಿನಲ್ಲಿ ಅವನು ಲ್ಯಾಪ್‌ಟಾಪ್ ತೆರೆದು ತನ್ನ ಪರೀಕ್ಷೆಗಳ ಪಟ್ಟಿ ತೋರಿಸಿದ. ಯಂತ್ರದ ಬಳಿ ಪ್ರಶ್ನೆ ಕೇಳುವವನಿಗೆ ಹಾನಿಯಾಗುತ್ತದೆಯೇ ಎಂಬುದಕ್ಕೆ ನೂರಾರು ಪರೀಕ್ಷೆ. ಯಂತ್ರವನ್ನು ಎಂದೂ ಮುಟ್ಟದವರಿಗೆ, ಅದರ ಹೆಸರೇ ಕೇಳದವರಿಗೆ ಏನಾಗುತ್ತದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅವನೇ ಅದನ್ನು ಗಮನಿಸಿದ. ಬಿಡದಿ ಬರುವ ಹೊತ್ತಿಗೆ ಹೊಸದೊಂದು ಪುಟ ತೆರೆದು ಬರೆಯತೊಡಗಿದ್ದ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಸಾವಿರಾರು ಹುಡುಗ ಹುಡುಗಿಯರಿದ್ದೀರಿ. ಒಂದು ಭಾನುವಾರ ರಾಮದೇವರ ಬೆಟ್ಟಕ್ಕೆ ಹೋಗಿ ಬನ್ನಿ. ಚಳಿಗಾಲದಲ್ಲಿ ಹೋದರೆ ಒಳ್ಳೆಯದು, ಅದು ಗೂಡಿನ ಕಾಲ. ಸದ್ದು ಮಾಡಬೇಡಿ, ದುರ್ಬೀನು ತೆಗೆದುಕೊಂಡು ಹೋಗಿ. ಮನೆಯಲ್ಲಿ ದನ ಕಟ್ಟಿರುವವರಿಗೆ ಬೇರೆ ಒಂದು ಮಾತು. ಹಸುವಿಗೆ ನೋವೆಂದು ವೈದ್ಯರನ್ನು ಕರೆದಾಗ ಸೀಸೆಯ ಚೀಟಿ ಓದಿ, ಮೆಲಾಕ್ಸಿಕ್ಯಾಮ್ ಕೊಡಿ ಎಂದು ಕೇಳಿ. ಹಸುವಿನ ನೋವು ಅದರಿಂದಲೂ ಇಳಿಯುತ್ತದೆ.